ಮ್ಯಾಗ್ನೆಟಾರ್ ಎಂದು ಹೆಸರಿಡುವ ಮೊದಲು

ಚಿ. ಅನಘಾಗೆ ದೊಡ್ಡಮ್ಮನ ಆಶೀರ್ವಾದಗಳು.

ಫರ್ಮಿ ಗಾಮಾ-ಕಿರಣ ಬಾಹ್ಯಾಕಾಶ ದೂರದರ್ಶಕದ ಹಳೆಯ ದತ್ತಾಂಶದಲ್ಲಿ ಮ್ಯಾಗ್ನೆಟಾರ್, ಅಂದರೆ ಅತಿ ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ, ಹುಡುಕುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದು ನಿನ್ನಮ್ಮ ಹೇಳಿದಳು. ಸಂತೋಷವಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ಬರೆ. ಎರಡು ಸೆಕೆಂಡಿಗಿಂತ ಚಿಕ್ಕ ಗಾಮಾ ಸ್ಫೋಟಗಳಲ್ಲಿ ಹೆಚ್ಚಿನವು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದು ಆದವು. ಮ್ಯಾಗ್ನೆಟಾರಿನ ದೈತ್ಯ ಜ್ವಾಲೆಯೂ ಅದೇ ವೇಷದಲ್ಲಿ ಆ ಗುಂಪಿನೊಳಗೆ ನಿಂತಿರುತ್ತದೆ.

ಹತ್ತಿರದ್ದಾದರೆ ಗುರುತು ಸುಲಭ ಕಣೇ. 2004ರ ಡಿಸೆಂಬರ್ 27ರಂದು ನಮ್ಮದೇ ಗ್ಯಾಲಕ್ಸಿಯ ಎಸ್‌ಜಿಆರ್ 1806-20 ಎಂಬ ಮ್ಯಾಗ್ನೆಟಾರ್ ಸಿಡಿದಾಗ ಮೊದಲ ಹೊಡೆತ ಅರ್ಧ ಸೆಕೆಂಡೂ ಇರಲಿಲ್ಲ, ಆದರೆ ಬಾಲ ಆರು ನಿಮಿಷ ಎಳೆಯಿತು. ಆ ಬಾಲದಲ್ಲಿ 7.56 ಸೆಕೆಂಡಿಗೊಮ್ಮೆ ಏರಿಳಿತ. ನಕ್ಷತ್ರ ಒಂದು ಸುತ್ತು ತಿರುಗುವ ಹೊತ್ತೂ ಅಷ್ಟೇ. ಅಂಥದ್ದೇ ಜ್ವಾಲೆ 1.14 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 253 ಗ್ಯಾಲಕ್ಸಿಯಲ್ಲಿ ಎದ್ದರೆ ಲಕ್ಷಕ್ಕೂ ಹೆಚ್ಚು ಪಟ್ಟು ಮಂಕು. ಬಾಲ ಹಿನ್ನೆಲೆಯಲ್ಲಿ ಮುಳುಗಿಹೋಗಿ ತಲೆಯೊಂದೇ ಕಾಣುತ್ತದೆ.

ಆ ತಲೆಯನ್ನು 64 ಮಿಲಿಸೆಕೆಂಡಿನ ಬಿನ್‌ನಲ್ಲಿ, ಅಂದರೆ ಎಣಿಕೆ ಕೂಡಿಸುವ ಹೊತ್ತಿನ ತುಂಡಿನಲ್ಲಿ, ನೋಡಬೇಡ. ಎನ್‌ಜಿಸಿ 253ರ ಕಡೆಯಿಂದ ಬಂದ 2020ರ ಏಪ್ರಿಲ್ 15ರ ಸ್ಫೋಟ ಒಟ್ಟು 140 ಮಿಲಿಸೆಕೆಂಡು. ಆ ಬಿನ್‌ನಲ್ಲಿ ಎರಡು-ಮೂರು ಕಂಬ ಬಿಟ್ಟರೆ ಏನೂ ಉಳಿಯುವುದಿಲ್ಲ. ಅದು ಏರಿದ್ದು ಸುಮಾರು 77 ಮೈಕ್ರೋಸೆಕೆಂಡಿನಲ್ಲಿ. ಒಂದೊಂದು ಫೋಟಾನಿನ ಹೊತ್ತನ್ನು 2 ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ಬರೆದಿಟ್ಟ ಕಡತವನ್ನೇ ತೆಗೆದುಕೋ. ಮೊದಲು 1 ಮಿಲಿಸೆಕೆಂಡು, ಆಮೇಲೆ ಏರಿಕೆಯ ಜಾಗದಲ್ಲಿ ಇನ್ನೂ ಸಣ್ಣ ಬಿನ್. ಹಿನ್ನೆಲೆಯನ್ನು ಸ್ಫೋಟದ ಎರಡೂ ಬದಿಯ ಹತ್ತಿಪ್ಪತ್ತು ಸೆಕೆಂಡುಗಳಿಂದ ಹೊಂದಿಸು. ಬಿನ್‌ಗೆ ನಾಲ್ಕೈದೇ ಎಣಿಕೆ ಇರುವಾಗ ಕೈ-ಸ್ಕ್ವೇರ್ ಪರೀಕ್ಷೆ ನಂಬಬೇಡ, ಸಣ್ಣ ಎಣಿಕೆಗೆ ಹೊಂದುವ ಪಾಯ್ಸಾನ್ ಲೆಕ್ಕವೇ ಸರಿ.

ಇನ್ನು ಕಳ್ಳ ಸಂಕೇತಗಳು. ಫರ್ಮಿಯ ಸ್ಫೋಟ ಕಾವಲು ಉಪಕರಣದಲ್ಲಿ 12 ಸೋಡಿಯಂ ಅಯೋಡೈಡ್ ಡಿಟೆಕ್ಟರುಗಳಿವೆ, ಹೆಚ್ಚಿನ ಶಕ್ತಿಗೆ 2 ಬಿಸ್ಮತ್ ಜರ್ಮನೇಟ್. ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿದೆ. ನಿಜವಾದ ಆಕಾಶದ ಸ್ಫೋಟವಾದರೆ ಎದುರಿಗಿರುವವು ತುಂಬ ಎಣಿಸುತ್ತವೆ, ಬೆನ್ನು ತಿರುಗಿಸಿದವು ಕಡಿಮೆ. ಒಂದೇ ಡಿಟೆಕ್ಟರಿನಲ್ಲಿ, ಅದೂ ಕಡಿಮೆ ಶಕ್ತಿಯಲ್ಲಿ ಮಾತ್ರ ಎದ್ದರೆ ಕಾಸ್ಮಿಕ್ ಕಣ ಬಡಿದು ಸ್ಫಟಿಕ ಮಿನುಗಿದೆ ಎಂದುಕೋ. ಎಲ್ಲವೂ ಸರಿಸಮ ಏರಿದರೆ ಕಣಗಳ ಮಳೆ. ಒಂದು ಮಿಲಿಸೆಕೆಂಡಿಗೂ ಚಿಕ್ಕದಾಗಿ, ಬಿಸ್ಮತ್ ಡಿಟೆಕ್ಟರಿನಲ್ಲಿ ಜೋರಾಗಿ ಕಂಡರೆ ಕೆಳಗಿನ ಗುಡುಗು ಮೋಡದ ಗಾಮಾ ಮಿಂಚು.

ಅತಿ ಪ್ರಖರವಾದರೆ ಇನ್ನೊಂದು ತೊಂದರೆ. 14 ಡಿಟೆಕ್ಟರು ಸೇರಿ ಸೆಕೆಂಡಿಗೆ ಸುಮಾರು 3.75 ಲಕ್ಷ ಎಣಿಕೆ ದಾಟಿದರೆ ದತ್ತಾಂಶದ ದಾರಿ ಕಟ್ಟಿಕೊಂಡು ಫೋಟಾನುಗಳು ಕಳೆದುಹೋಗುತ್ತವೆ. ಲೈಟ್ ಕರ್ವ್‌ನಲ್ಲಿ (ಹೊತ್ತಿನೊಂದಿಗೆ ಎಣಿಕೆ ಬದಲಾಗುವ ಗೆರೆ) ಅದು ಹಳ್ಳವಾಗಿ ಕಂಡು, ಒಂದೇ ಶಿಖರ ಎರಡೆಂಬ ಭ್ರಮೆ ಹುಟ್ಟುತ್ತದೆ. ಎರಡು ಫೋಟಾನು ಒಟ್ಟಿಗೆ ಬಿದ್ದು ಒಂದಾಗಿ ಎಣಿಕೆಯಾದರೆ ಸ್ಪೆಕ್ಟ್ರಮ್ ಇಲ್ಲದ ಗಡಸುತನ, ಅಂದರೆ ನಿಜಕ್ಕಿಂತ ಹೆಚ್ಚಿನ ಶಕ್ತಿ, ತೋರಿಸುತ್ತದೆ. ಶಿಖರದ ಶಕ್ತಿ ಬರೆಯುವ ಮುನ್ನ ವಿಂಡ್ ನೌಕೆಯ ಕೋನಸ್‌ನಂಥ ಬೇರೊಂದು ಉಪಕರಣದ ಜತೆ ತಾಳೆ ನೋಡು.

ಎಲ್ಲಕ್ಕಿಂತ ತೂಕದ ಸಾಕ್ಷಿ ಸ್ಥಳ. ಫರ್ಮಿಯ ಈ ಉಪಕರಣ ಒಂದೇ ಹೇಳುವ ದಿಕ್ಕಿನಲ್ಲಿ ಕೆಲವು ಡಿಗ್ರಿ ದೋಷ. ಅಷ್ಟಗಲದಲ್ಲಿ ಬೇಕಾದಷ್ಟು ಗ್ಯಾಲಕ್ಸಿಗಳು ಸಿಗುತ್ತವೆ. 2020ರಲ್ಲಿ ಕೈ ಹಿಡಿದದ್ದು ದೂರದ ನೌಕೆಗಳು: ಅಲೆ ಮೊದಲು ಮಂಗಳದ ಮಾರ್ಸ್ ಒಡಿಸ್ಸಿಗೆ, 6.6 ನಿಮಿಷದ ಮೇಲೆ ವಿಂಡ್‌ಗೆ, ಮತ್ತೆ 4.5 ಸೆಕೆಂಡಿಗೆ ಭೂಮಿಗೆ ತಟ್ಟಿತು. ಎರಡು ನೌಕೆಗಳ ನಡುವಿನ ಹೊತ್ತಿನ ವ್ಯತ್ಯಾಸವನ್ನು ಬೆಳಕಿನ ವೇಗದಿಂದ ಗುಣಿಸಿ ಅಂತರದಿಂದ ಭಾಗಿಸು, ಕೋನದ ಕೊಸೈನ್ ಸಿಗುತ್ತದೆ. ಆಕಾಶದಲ್ಲಿ ಅದೊಂದು ಉಂಗುರ. ವಿಂಡ್-ಭೂಮಿ ನಡುವಿನಂಥ 5 ಜ್ಯೋತಿಸೆಕೆಂಡಿನ ಅಂತರದಲ್ಲಿ ಗಡಿಯಾರ 1 ಮಿಲಿಸೆಕೆಂಡು ತಪ್ಪಿದರೆ ಉಂಗುರ ಸರಿಯುವುದು ಸುಮಾರು ಒಂದೆರಡು ಆರ್ಕ್‌ನಿಮಿಷ (ಡಿಗ್ರಿಯ ಅರವತ್ತನೇ ಒಂದು ಪಾಲು) ಮಾತ್ರ. ಅದೇ ತಪ್ಪು ಭೂಮಿಯನ್ನೇ ಸುತ್ತುವ ಎರಡು ಉಪಗ್ರಹಗಳ ನಡುವೆ ಒಂದು ಡಿಗ್ರಿ ದಾಟುತ್ತದೆ. ಹಾಗಾಗಿ ನಮ್ಮ ದೇಶದ ಆಸ್ಟ್ರೋಸ್ಯಾಟ್ ಮತ್ತು ಫರ್ಮಿ ಜೋಡಿಯಿಂದ ಕಿರಿದಾದ ಉಂಗುರ ತೆಗೆಯಲು ಹೋಗಬೇಡ. ಸಂಕೇತ ನಿಜವೇ ಎಂದು ನೋಡಲಿಕ್ಕೆ ಮಾತ್ರ ಅದು ಒಳ್ಳೆಯದು.

ಎಲ್ಲರೂ ಜಾರುವ ಜಾಗ ಇದು: ಗ್ಯಾಲಕ್ಸಿಯ ದೂರ ಹಾಕಿ ಶಕ್ತಿ ಲೆಕ್ಕ ಮಾಡುತ್ತಾರೆ, ಸುಮಾರು 10ರ 46ನೇ ಘಾತದಷ್ಟು ಅರ್ಗ್ (ಶಕ್ತಿಯ ಅಳತೆ) ಬರುತ್ತದೆ, ಅದನ್ನೇ ಮ್ಯಾಗ್ನೆಟಾರಿಗೆ ಪುರಾವೆ ಅನ್ನುತ್ತಾರೆ. ದೂರವೇ ಊಹೆಯಾಗಿರುವಾಗ ಅದು ಪುರಾವೆ ಹೇಗಾದೀತು? ಬೇರೆ ಕಡೆಯಿಂದ ಸಾಕ್ಷಿ ತರಬೇಕು. 2020ರದ್ದಕ್ಕೆ 19 ಸೆಕೆಂಡಿನ ಮೇಲೆ ಬಂದ ಮೊದಲನೆಯದೂ ಸೇರಿ ಮೂರು ಅಧಿಕ ಶಕ್ತಿಯ ಫೋಟಾನು ಸಿಕ್ಕವು. 2023ರ ನವೆಂಬರ್ 15ರಂದು ಇಂಟೆಗ್ರಲ್ ಉಪಗ್ರಹ ಎಂ82 ಗ್ಯಾಲಕ್ಸಿಯ ಮೇಲೆ ಎರಡು ಆರ್ಕ್‌ನಿಮಿಷದ ಗುರುತು ಹಾಕಿ 13 ಸೆಕೆಂಡಿನಲ್ಲಿ ಸುದ್ದಿ ಕಳಿಸಿತು. ಗುರುತ್ವ ಅಲೆ ಬರಲಿಲ್ಲ, ಎಕ್ಸ್-ಕಿರಣದ ಶೇಷಕಾಂತಿಯೂ ಕಾಣಲಿಲ್ಲ. ಅಷ್ಟು ಹತ್ತಿರದಲ್ಲಿ ಡಿಕ್ಕಿಯೇ ಆಗಿದ್ದರೆ ಗುರುತ್ವ ಅಲೆ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ 'ಏನೂ ಸಿಗಲಿಲ್ಲ' ಅನ್ನುವುದೇ ಫಲಿತಾಂಶ, ಅದನ್ನು ಅಡಿಟಿಪ್ಪಣಿಗೆ ತಳ್ಳಬೇಡ.

ಗ್ಯಾಲಕ್ಸಿ ಆಕಸ್ಮಿಕವಾಗಿ ಹಾದಿಗೆ ಬಂದಿರುವ ಸಾಧ್ಯತೆಯನ್ನೂ ಲೆಕ್ಕ ಹಾಕಿ ಕೊಡು, ಎಷ್ಟು ಸ್ಫೋಟ ಜಾಲಾಡಿದೆ ಎಂಬುದನ್ನು ಸೇರಿಸಿಯೇ. ಎಲ್ಲ ಕೂಡಿ ಬಂದಮೇಲೂ 'ಸಂಭಾವ್ಯ' ಎಂದೇ ಬರೆ.

ಮೊದಲ ಲೈಟ್ ಕರ್ವ್ ತಯಾರಾದ ದಿನ ನನಗೆ ಕಳಿಸು, 1 ಮಿಲಿಸೆಕೆಂಡಿನದ್ದು, 14 ಡಿಟೆಕ್ಟರುಗಳದ್ದೂ ಬೇರೆಬೇರೆಯಾಗಿ.

ನಿನ್ನ ದೊಡ್ಡಮ್ಮ