ಮಗಳ ಸ್ವಿಮ್ಮಿಂಗ್ ಪ್ರೊಫೈಲಲ್ಲಿ ತಪ್ಪು ಟೈಮಿಂಗ್ ಹಾಕಿ ಒಂದು ವರ್ಷ ಹಾಳು ಮಾಡಿದ್ದರ ಬಗ್ಗೆ ದೂರು

ನಮಸ್ಕಾರ,

ಅಮೆರಿಕದ ಕಾಲೇಜಲ್ಲಿ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಕೊಡಿಸ್ತೀವಿ ಅಂತ ನೀವು ಹೇಳಿದ್ದನ್ನ ನಂಬಿ 2024ರ ಜೂನಲ್ಲಿ 1,80,000 ರೂಪಾಯಿ ಕಟ್ಟಿದ ತಾಯಿ ನಾನು, ಜಯನಗರದಿಂದ ಬರೀತಿದೀನಿ. ಆರು ಸಲ ಫೋನ್ ಮಾಡಿದೀನಿ, ಪ್ರತಿ ಸಲನೂ "ಟೀಮ್‌ಗೆ ಹೇಳ್ತೀವಿ ಮೇಡಂ" ಅಂತಾರೆ, ಅಷ್ಟೇ. ಅದಕ್ಕೇ ಈಗ ಬರವಣಿಗೆಯಲ್ಲಿ ಕೊಡ್ತಿದೀನಿ.

ನನ್ನ ಮಗಳು 100 ಮೀಟರ್ ಫ್ರೀಸ್ಟೈಲಲ್ಲಿ 1:00.40 ಮಾಡಿದ್ದು 50 ಮೀಟರ್ ಪೂಲಲ್ಲಿ, ಲಾಂಗ್ ಕೋರ್ಸ್. ರಿಸಲ್ಟ್ ಶೀಟ್ ಸಮೇತ ನಿಮಗೆ ಕಳಿಸಿದ್ವಿ. ಅಲ್ಲಿನ ಕಾಲೇಜು ಸೀಸನ್ ನಡೆಯೋದು 25 ಯಾರ್ಡ್ ಪೂಲಲ್ಲಿ, ಅಂದ್ರೆ 22.86 ಮೀಟರ್, ಹಾಗಾಗಿ 100 ಯಾರ್ಡ್ ಅಂದ್ರೆ 91 ಮೀಟರ್ ಚಿಲ್ಲರೆ, ಮೇಲಿಂದ ಒಂದರ ಬದಲು ಮೂರು ಟರ್ನ್, ಪ್ರತಿ ಟರ್ನಲ್ಲೂ ಗೋಡೆ ಒದ್ದು ಹೋಗೋದ್ರಿಂದ ಟೈಮ್ ಇನ್ನೂ ಇಳಿಯುತ್ತೆ. ಕನ್ವರ್ಟ್ ಮಾಡಿದ್ರೆ ಅವಳದ್ದು ಹೆಚ್ಚುಕಮ್ಮಿ 53 ಸೆಕೆಂಡ್. ನೀವು ಮಾಡಿದ ಪ್ರೊಫೈಲಲ್ಲಿ ಏನಿದೆ ಗೊತ್ತಾ? "100 ಯಾರ್ಡ್ ಫ್ರೀಸ್ಟೈಲ್ 1:00.40". ಏಳು ಸೆಕೆಂಡ್! ಅರ್ಧ ಸೆಕೆಂಡ್ ಇಳಿಸೋಕೆ ಮಕ್ಕಳು ಇಡೀ ಸೀಸನ್ ಒದ್ದಾಡ್ತಾರೆ. ಆ ಪಿಡಿಎಫ್ ನೋಡಿದ ಯಾವ ಕೋಚ್ ತಾನೇ ರಿಪ್ಲೈ ಮಾಡ್ತಾರೆ.

ಅದನ್ನೇ 60 ಕಾಲೇಜಿಗೆ ಕಳಿಸಿದ್ರಿ, ಒಂದೇ ಒಂದು ಉತ್ತರ ಬರಲಿಲ್ಲ. ಅವಳು ತಪ್ಪು ತನ್ನದೇ ಅಂದ್ಕೊಂಡ್ಲು. ಬೆಳಿಗ್ಗೆ ನಾಲ್ಕೂವರೆ ಅಲಾರಂಗೆ ನನಗಿಂತ ಮೊದಲು ಎದ್ದು ಬ್ಯಾಗ್ ಹಾಕ್ಕೊಂಡು ಬಾಗಿಲ ಹತ್ರ ನಿಲ್ತಿದ್ದ ಹುಡುಗಿ, ಅಲಾರಂ ಆಫ್ ಮಾಡಿ ಗೋಡೆ ಕಡೆ ತಿರುಗಿ ಮಲಗೋಕೆ ಶುರು ಮಾಡಿದ್ಲು. "ಅಮ್ಮ, ನಾನು ಅಷ್ಟೊಂದು ಸ್ಲೋನಾ?" ಅಂತ ಕೇಳಿದ್ಲು. ಇದಕ್ಕೆ ನೀವು ಯಾವ ರೀಫಂಡ್ ಕೊಟ್ರೂ ನನಗೆ ಸಮಾಧಾನ ಆಗಲ್ಲ.

ಇನ್ನೊಂದು ವಿಷಯ. ಹತ್ತನೇ ಕ್ಲಾಸ್ ಮುಗಿದ ವರ್ಷದ ಜೂನ್ 15ರಿಂದಲೇ ಡಿವಿಷನ್ 1, ಅಂದ್ರೆ ಮೇಲಿನ ಹಂತದ ಕಾಲೇಜುಗಳ ಸ್ವಿಮ್ಮಿಂಗ್ ಕೋಚ್‌ಗಳು ಮಕ್ಕಳ ಜೊತೆ ನೇರವಾಗಿ ಮಾತಾಡಬಹುದು ಅಂತ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ರೂಲ್ ಇದೆ. ನಾವು ದುಡ್ಡು ಕಟ್ಟಿದ್ದೂ ಅದೇ ತಿಂಗಳು. ನಿಮ್ಮ ಕೌನ್ಸೆಲರ್ "ಸೆಕೆಂಡ್ ಪಿಯುಸಿಗೆ ಬರಲಿ, ಈಗಲೇ ಅರ್ಜೆಂಟ್ ಏನಿಲ್ಲ" ಅಂದ್ರು, ನಮಗೇನು ಗೊತ್ತು, ಕಾದ್ವಿ. ನೀವು ಮೊದಲ ಇಮೇಲ್ ಕಳಿಸಿದ್ದು 2025ರ ಜುಲೈನಲ್ಲಿ! ಅಷ್ಟರಲ್ಲಿ ಅಲ್ಲಿ ಒಂದು ಟೀಮಲ್ಲಿ ಇಷ್ಟೇ ಜನ ಅನ್ನೋ ರೋಸ್ಟರ್ ಲಿಮಿಟ್ ಬಂದು ಟೀಮ್‌ಗಳಲ್ಲಿ ಜಾಗ ಬಿಗಿಯಾಗಿತ್ತು. ಇನ್ನು "ಫುಲ್ ಸ್ಪೋರ್ಟ್ಸ್ ಸ್ಕಾಲರ್‌ಶಿಪ್" ಅಂತ ಕೊಟ್ಟ ಲಿಸ್ಟಲ್ಲಿ 19 ಡಿವಿಷನ್ 3, ಅಂದ್ರೆ ಕೆಳಗಿನ ಹಂತದ ಕಾಲೇಜು, ಎರಡು ಹಾರ್ವರ್ಡ್ ಥರದ ಐವಿ ಲೀಗ್ ಕಾಲೇಜು. ಇವರ್ಯಾರೂ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ. ಈ ಕೆಲಸಕ್ಕೇ ದುಡ್ಡು ತಗೊಳ್ಳೋರಿಗೆ ಇಷ್ಟೂ ಗೊತ್ತಿರಬಾರದಾ?

ಕೊನೆಗೆ ತಪ್ಪು ಕಂಡುಹಿಡಿದಿದ್ದು ಅವಳ ಕ್ಲಬ್ಬಿನ ಸೀನಿಯರ್, ಈಗ ಅಮೆರಿಕದಲ್ಲೇ ಓದ್ತಿರೋ ಹುಡುಗಿ. ಆಮೇಲೆ ಮಗಳೇ ಕೂತು ಸರಿಯಾದ ಟೈಮ್, ರೇಸ್ ವಿಡಿಯೋ ಹಾಕಿ 12 ಕೋಚ್‌ಗಳಿಗೆ ಬರೆದ್ಲು. ಐದು ದಿನದಲ್ಲಿ ಎರಡು ಉತ್ತರ ಬಂತು. ಒಬ್ಬರು ಮಾರ್ಕ್ಸ್ ಕಾರ್ಡ್ ಕೇಳಿದಾರೆ. ಇನ್ನೊಬ್ಬರು, ಟೈಮ್ ಚೆನ್ನಾಗಿದೆ, ಆದ್ರೆ 2026ರ ಬ್ಯಾಚ್ ತುಂಬಿದೆ, ಹೋದ ವರ್ಷ ಬರೆದಿದ್ರೆ ನೋಡಬಹುದಿತ್ತು ಅಂದ್ರು. ಅದನ್ನ ಓದಿ ಅವಳು ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದ್ಲು.

ನಾನು ಕೇಳ್ತಿರೋದು ಇಷ್ಟು. ಪೂರ್ತಿ ದುಡ್ಡು ವಾಪಸ್ ಬೇಕು. ಯಾವ ಯಾವ ಕೋಚ್‌ಗೆ ಯಾವ ತಾರೀಕು ಏನು ಕಳಿಸಿದ್ರಿ ಅಂತ ಪೂರ್ತಿ ಲಿಸ್ಟ್ ಬೇಕು, ಆ 60 ಜನಕ್ಕೂ ತಪ್ಪು ನಿಮ್ಮದು ಅಂತ ಬರೆದು ಸರಿಯಾದ ಟೈಮ್ ಕಳಿಸಬೇಕು. 15 ದಿನದಲ್ಲಿ ಉತ್ತರ ಬರದಿದ್ರೆ ಗ್ರಾಹಕರ ಸಹಾಯವಾಣಿ 1915ಗೆ ಫೋನ್ ಮಾಡಿ ಕಂಪ್ಲೇಂಟ್ ಕೊಡ್ತೀನಿ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗ್ತೀನಿ, ರಸೀದಿ, ವಾಟ್ಸಾಪ್ ಮೆಸೇಜ್ ಎಲ್ಲಾ ಇಟ್ಕೊಂಡಿದೀನಿ.

ಆ ಪ್ರೊಫೈಲ್ ಮಾತ್ರ ಇವತ್ತೇ ತೆಗೀರಿ. ಇನ್ನೊಬ್ಬ ಕೋಚ್ ಅದನ್ನ ನೋಡೋದು ಬೇಡ.

ಇಂತಿ,
ಈಜುಗಾರ್ತಿಯ ತಾಯಿ, ಜಯನಗರ, ಬೆಂಗಳೂರು