ಮೂರು ವರ್ಷದ ಮಾತು

ಚಿ. ಸುಮಾಳಿಗೆ ಸೋದರಮಾವನ ಆಶೀರ್ವಾದಗಳು.

“ಮೆಲ್ಬರ್ನ್ ಬಿಟ್ಟು ಆಸ್ಪತ್ರೆಯ ಕೆಲಸಕ್ಕೆಂದು ಬೆಂಡಿಗೊಗೆ ಹೋಗಿ ಮೂರು ವರ್ಷ ಕಳೆದ ಮೇಲೂ ಆಸ್ಟ್ರೇಲಿಯಾದ ಕಾಯಂ ವಾಸದ ಹಕ್ಕು ಸಿಗದಿದ್ದರೆ ನಾನು ಎಲ್ಲಿಯವಳು, ಮಾವ?” ಎಂದು ಕೇಳಿದ್ದೀಯೆ. ಪತ್ರದ ಉಳಿದ ಸುದ್ದಿಯನ್ನು ಒಮ್ಮೆ ಓದಿದೆ. ಈ ಸಾಲನ್ನು ಎಷ್ಟು ಸಲ ಓದಿದೆನೋ ತಿಳಿಯದು.

ನಿನ್ನ ಭಯ ಸುಳ್ಳೆಂದು ನಾನು ಹೇಳಲಾರೆ. ಅಲ್ಲಿನ ರಾಜ್ಯ ಸರ್ಕಾರ ಹೆಸರು ಸೂಚಿಸುವ ನಾಮನಿರ್ದೇಶನದಿಂದ ಸಿಗುವ 491 ಎಂಬ ವೀಸಾಕ್ಕೆ ಅರ್ಹತೆಯ ಲೆಕ್ಕದಲ್ಲಿ 15 ಅಂಕ ಸೇರುತ್ತದೆ, ನಿಜ. ಆದರೆ ಅದು ಐದು ವರ್ಷದ ತಾತ್ಕಾಲಿಕ ವೀಸಾ, ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳ ಹೊರಗೇ ಇದ್ದು ದುಡಿಯಬೇಕು, ಮೂರು ವರ್ಷ ತುಂಬುವವರೆಗೆ ಅಲ್ಲಿಂದಲೇ 189, 190 ಎಂಬ ಕಾಯಂ ವೀಸಾಗಳ ಬಾಗಿಲು ತಟ್ಟುವಂತೆಯೂ ಇಲ್ಲ. ನೇರವಾಗಿ ಕಾಯಂ ಆಗುವ 190ಕ್ಕೇ ಕಾಯುತ್ತೇನೆ ಎನ್ನುತ್ತೀಯೆ. ಅದಕ್ಕೆ ಸೇರುವುದು ಐದೇ ಅಂಕ. ನಿನಗೆ 33 ತುಂಬಿದ ದಿನ ವಯಸ್ಸಿನ ಅಂಕ 30ರಿಂದ 25ಕ್ಕೆ ಇಳಿದು, ಬಂದ ಐದು ಹಾಗೆಯೇ ಹೋಗುತ್ತದೆ.

ನಿನ್ನಮ್ಮನಿಗೂ ಹೇಳದ ಮಾತೊಂದಿದೆ. 1984ರಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಅಧಿಕಾರಿಯಾಗಿ ಬಡ್ತಿ ಬಂದಿತ್ತು. ಮೂರು ವರ್ಷ ರಾಯಚೂರು ಕಡೆಯ ಹಳ್ಳಿಯೊಂದರ ಶಾಖೆಯಲ್ಲಿರಬೇಕಿತ್ತು. ಹೋದವನನ್ನು ಮರಳಿ ಕರೆಯದಿದ್ದರೆ? ನಿನ್ನದೇ ಪ್ರಶ್ನೆ. ಆ ರಾತ್ರಿ ಬಡ್ತಿ ಬೇಡವೆಂದು ಪತ್ರ ಬರೆದೆ. ಬೆವರಿದ ಕೈಗೆ ಶಾಯಿ ಕದಡಿ ಎರಡು ಹಾಳೆ ಹರಿದೆ, ಮೂರನೆಯದನ್ನು ಬೆಳಿಗ್ಗೆ ಮ್ಯಾನೇಜರರ ಮೇಜಿನ ಮೇಲಿಟ್ಟೆ. ನನ್ನ ಬದಲು ಹೋದವರು ನಾಲ್ಕನೆಯ ವರ್ಷ ಮರಳಿ ಬಂದರು. ನಾನು ಅದೇ ಕೌಂಟರಿನಲ್ಲಿ ನಿವೃತ್ತನಾದೆ. ಆದರೆ ನನಗೆ ಬೆನ್ನ ಹಿಂದೆ ನಮ್ಮೂರಿತ್ತು, ನಿನಗೆ ಅಲ್ಲಿ ಅದೂ ಇಲ್ಲ. ನನ್ನ ಪಶ್ಚಾತ್ತಾಪವನ್ನು ನಿನ್ನ ಮೇಲೆ ಹೇರುತ್ತಿದ್ದೇನೆಯೋ ಎಂಬ ಅಳುಕು ಬರೆಯುವಾಗಲೂ ಇದೆ.

ಸಿಗದಿದ್ದರೆ ಎಂಬ ಮಾತಿಗೇ ಮತ್ತೆ ಬರುತ್ತೇನೆ. 491ರಲ್ಲಿ ಮೂರು ವರ್ಷ ಕಳೆದ ನಂತರದ ಕಾಯಂ ವೀಸಾ 191ಕ್ಕೆ ಹೊಸದಾಗಿ ಅಂಕದ ಲೆಕ್ಕವಿಲ್ಲ, ಇನ್ನೊಂದು ನಾಮನಿರ್ದೇಶನವಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಷರತ್ತಿನಂತೆ ಆ ಪ್ರದೇಶದಲ್ಲೇ ಇದ್ದೆಯೇ, ಮೂರು ವರ್ಷದ ತೆರಿಗೆ ನಿರ್ಧಾರಪತ್ರಗಳಿವೆಯೇ ಎಂಬುದೇ ಅಲ್ಲಿ ಮುಖ್ಯ. ಸಣ್ಣ ಮಾತಾದರೂ ಹೇಳಿಬಿಡುತ್ತೇನೆ, ಬಾಡಿಗೆಯ ರಸೀದಿ, ಸಂಬಳದ ಚೀಟಿ ಯಾವುದನ್ನೂ ಎಸೆಯಬೇಡ. ಮೊದಲು 491ಕ್ಕೆ ಅರ್ಜಿ ಹಾಕಲು ಆಹ್ವಾನ ಬಂದರೆ ಅದಕ್ಕೆ 60 ದಿನ ಮಾತ್ರ, ಅದನ್ನೂ ನೆನಪಿಡು.

ಆಸ್ಪತ್ರೆಯ ಕೆಲಸ ಒಪ್ಪುವ ಮುನ್ನ ರಜೆಯ ದಿನ ರೈಲಿನಲ್ಲಿ ಬೆಂಡಿಗೊಗೆ ಒಮ್ಮೆ ಹೋಗಿ ಬಾ, ಸುಮಾರು 150 ಕಿ.ಮೀ. ಅಷ್ಟೇ. ಸಂಜೆ ಆ ಬೀದಿಗಳಲ್ಲಿ ಒಬ್ಬಳೇ ನಡೆದು ನೋಡು. ಆಮೇಲೂ ಅದೇ ಭಯವಿದ್ದರೆ ಅದೇ ಸಾಲನ್ನು ಮತ್ತೆ ಬರೆ.

ನಿನ್ನ ಮಾವ