ಗುಂಪಿಗೆ ಸೂಚನೆ: ಬರ್ಮಾದ ಚಹಾ ಎಲೆ ಸಲಾಡ್‌ ಸಾಮಾನು ಸಿಕ್ಕಿದೆ
ಎಲ್ಲರಿಗೂ ನಮಸ್ಕಾರ. ಇಂಡಿಯಾನಾಪೊಲಿಸ್‌ನ ದಕ್ಷಿಣಕ್ಕೆ ಬರ್ಮಾದ ಚಿನ್ ಅನ್ನೋ ಜನಾಂಗದವರು ಸಾವಿರಾರು ಮಂದಿ ಇದ್ದಾರಲ್ಲ, ಆ ಕಡೆಯ ಪುಟ್ಟ ಅಂಗಡಿಯೊಂದರಲ್ಲಿ ನಿನ್ನೆ ‘ಲಪೆ’ ಸಿಕ್ಕಿತು. ಹುದುಗಿಸಿದ ಚಹಾ ಎಲೆ ಅದು. ಕಡು ಹಸಿರು, ಎಣ್ಣೆಯಲ್ಲಿ ನೆಂದು ಮೆತ್ತಗಿದೆ, ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ಒಗರು. ಪಕ್ಕದಲ್ಲೇ ಕರಿದ ಬೆಳ್ಳುಳ್ಳಿ, ಬೇಳೆ, ಕಡಲೆಬೀಜ, ಎಳ್ಳು ಬೆರೆಸಿದ ಪ್ಯಾಕೆಟ್ಟೂ ಇತ್ತು. ಎಲೆಕೋಸು, ಟೊಮೆಟೊ ಸಣ್ಣಗೆ ಹೆಚ್ಚಿ, ನಿಂಬೆರಸ ಹಿಂಡಿ, ಎಲ್ಲವನ್ನೂ ಕೈಯಲ್ಲೇ ಕಲಸಿ. ಕುರುಕುರು ಇರುವಾಗಲೇ ತಿಂದುಬಿಡಬೇಕು, ಇಟ್ಟರೆ ಸಪ್ಪೆ. ಸಸ್ಯಾಹಾರಿಗಳು ದಯವಿಟ್ಟು ಪ್ಯಾಕೆಟ್ ಹಿಂದೆ ಓದಿ ನೋಡಿ: ಕೆಲವದರಲ್ಲಿ ಒಣಸೀಗಡಿ, ಮೀನಿನ ಸಾಸ್ ಇರುತ್ತೆ. ಎಲೆಯನ್ನೇ ತಿನ್ನೋದರಿಂದ ಕೆಫೀನ್ ಕೂಡ ಇದೆ, ಮಕ್ಕಳಿಗೆ ರಾತ್ರಿ ಬೇಡ. ಶನಿವಾರ ಮತ್ತೆ ಹೋಗ್ತಿದ್ದೀನಿ, ಬೇಕಾದವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೇಳಿ, ತಂದುಕೊಡ್ತೀನಿ.